ಗವರ್ನರ್ ಸವಾರಿ

ಲೆಸ್ಟರ್ ಪರ್ವಿಸ್ ಆ ಶನಿವಾರ ಪಟ್ಟ ಪಾಡಿಗೆಲ್ಲ ಮೂಲ ಒಂದು ಹಳೆಯ ಟೆನಿಸ್ ಚೆಂಡು. ಅದು ಇರಬೇಕಾದ ಜಾಗದಲ್ಲಿ ಇದ್ದಷ್ಟು ಕಾಲ ಅವನು ನೆಮ್ಮದಿಯಾಗಿದ್ದ. ಆವತ್ತು ಬೆಳಿಗ್ಗೆ ಆಚೆ ಮನೆಯ ನಾಯಿ ಬಂದು ಅದನ್ನು ಕಿತ್ತು ಕಚ್ಚಿಕೊಂಡು ಹೋಯಿತು.

ಚೆಂಡು ಇದ್ದದ್ದು ಅವನ ಕಾರಿನ ಹಿಂಬದಿಗೆ. ಕಾರು ಎಂದರೆ ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟು, ಆಮೇಲೆ ಹಡಗು ಹತ್ತಿ ನ್ಯೂಜಿಲೆಂಡಿಗೆ ಬಂದ ಉದ್ದನೆಯ ಸ್ಟೇಷನ್ ವ್ಯಾಗನ್. ಇಲ್ಲಿ ಅದನ್ನು ಮೊದಲು ಕೊಂಡವನು ಹಿಂದೆ ಟೋಬಾರ್ ಹಾಕಿಸಿದ್ದ, ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಕೊಂಡಿ. ಅದರ ತುದಿಯಲ್ಲಿ ಗ್ರೀಸ್ ಮೆತ್ತಿದ ಒಂದು ಉಕ್ಕಿನ ಗುಂಡು. ಪ್ಯಾಂಟಿಗೆ ಗ್ರೀಸ್ ಹತ್ತದಿರಲಿ ಎಂದು ಜನ ಅದರ ಮೇಲೆ ಟೆನಿಸ್ ಚೆಂಡನ್ನು ಕೊಯ್ದು ಟೋಪಿ ಹಾಕಿದ ಹಾಗೆ ಹಾಕುತ್ತಾರೆ. ಲೆಸ್ಟರ್ ಹಾಕಿದ್ದು ಪ್ಯಾಂಟಿಗೆ ಹೆದರಿ ಅಲ್ಲ, ಊರಿಗೆ ಹೆದರಿ. ಪುಕೆರಾಟಾದಲ್ಲಿ ಟೋಬಾರ್ ಇದ್ದವನಿಗೆ ಭಾನುವಾರ ಎಂಬುದೇ ಇರುವುದಿಲ್ಲ. ಒಬ್ಬನ ಸೋಫಾ, ಇನ್ನೊಬ್ಬನ ಸೌದೆ, ಮತ್ತೊಬ್ಬನ ದೋಣಿ, ಎಲ್ಲವನ್ನೂ ಅವನೇ ಎಳೆಯಬೇಕು. ಆದ್ದರಿಂದ ಚೆಂಡಿನ ಮೇಲೊಂದು ಹಳೆಯ ಗೋಣಿತಾಟನ್ನೂ ಇಳಿಬಿಟ್ಟಿದ್ದ. ನಾಯಿ ಅದನ್ನೂ ಎಳೆದು ಹಾಕಿತ್ತು.

ನಿಜವಾದ ಗುಟ್ಟು ಇದಕ್ಕಿಂತ ಕೆಟ್ಟದ್ದು. ಲೆಸ್ಟರನಿಗೆ ಟ್ರೇಲರ್ ರಿವರ್ಸ್ ತೆಗೆಯಲು ಬರುತ್ತಿರಲಿಲ್ಲ. ಆ ದೇಶದಲ್ಲಿ ಗಂಡಸಾದವನು ಈಜು ಬರಲ್ಲ ಅಂದರೆ ಕ್ಷಮಿಸುತ್ತಾರೆ, ದೇವರಿಲ್ಲ ಅಂದರೂ ಕ್ಷಮಿಸುತ್ತಾರೆ. ಟ್ರೇಲರ್ ಹಿಂದಕ್ಕೆ ತೆಗೆಯಲು ಬರಲ್ಲ ಅಂದರೆ ಅವನಿಗೆ ಹೆಣ್ಣು ಸಿಗುವುದಿಲ್ಲ. ಲೆಸ್ಟರನಿಗೆ ಸಿಕ್ಕಿರಲೂ ಇಲ್ಲ. ಅರವತ್ತರ ಹೊಸ್ತಿಲಲ್ಲಿದ್ದ ಬ್ರಹ್ಮಚಾರಿ. ಕಸುಬು ಕಟ್ಟುಹಲ್ಲು ಮಾಡುವುದು. ಊರಿನ ಹಿರಿಯರಲ್ಲಿ ಅರ್ಧ ಜನ ಅಗಿಯುತ್ತಿದ್ದದ್ದು ಲೆಸ್ಟರ್ ಮಾಡಿಕೊಟ್ಟ ಹಲ್ಲಿನಿಂದಲೇ.

ಕೂದಲೆಳೆಯಷ್ಟು ತಪ್ಪಾದರೂ ಸಹಿಸದ ಅದೇ ಕೈಯಿಂದ ಅವನು ಕಾರನ್ನೂ ಸಾಕುತ್ತಿದ್ದ. ಶನಿವಾರ ಬೆಳಿಗ್ಗೆ ಎಂದರೆ ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ಹಳೆಯ ಬನಿಯನ್‌ಗೆ ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು ನೋಡುವುದು. ರೇಡಿಯೇಟರಿಗೆ ನೀರು, ಟೈರಿಗೆ ಗಾಳಿ, ವೈಪರಿಗೆ ಸೋಪಿನ ನೀರು. ಕಾರಿನ ಜೊತೆ ಬಂದ ಕೈಪಿಡಿ ಪೂರ್ತಿ ಜಪಾನಿ ಲಿಪಿಯಲ್ಲಿ. ಅದರ ಚಿತ್ರಗಳನ್ನು ನೋಡಿ ನೋಡಿಯೇ ಅವನು ಪಂಡಿತನಾಗಿದ್ದ. ರೇಡಿಯೋಗೆ ಇಲ್ಲಿನ ಒಂದೇ ಒಂದು ಸ್ಟೇಷನ್ ಸಿಗುತ್ತಿತ್ತು, ಅದರಲ್ಲಿ ಸದಾ ಕುದುರೆ ರೇಸು. ಕಾರಿನೊಳಗಿನ ಪರದೆಯ ನಕಾಶೆಯ ಪ್ರಕಾರ ಕಾರು ಈ ಕ್ಷಣಕ್ಕೂ ಯೊಕೊಹಾಮಾ ಬಿಟ್ಟು ಕದಲಿರಲಿಲ್ಲ. ಇನ್ನು ಕೀಲಿ ತಿರುಗಿಸಿದ ತಕ್ಷಣ ಒಳಗಿನಿಂದ ಒಬ್ಬ ಹೆಂಗಸು ಜಪಾನಿ ಭಾಷೆಯಲ್ಲಿ ಮೆತ್ತಗೆ ಏನೋ ಹೇಳುತ್ತಿದ್ದಳು. ಏನೆಂದು ಊರಲ್ಲಿ ಯಾರಿಗೂ ಗೊತ್ತಿಲ್ಲ. ಲೆಸ್ಟರ್ ಮಾತ್ರ ದಿನವೂ "ನಮಸ್ಕಾರ ಕಣಮ್ಮ" ಎಂದು ಮರ್ಯಾದೆಯಿಂದ ಉತ್ತರ ಕೊಡುತ್ತಿದ್ದ. ಅವನ ಜೊತೆ ಬೆಳಿಗ್ಗೆ ಬೆಳಿಗ್ಗೆ ಮಾತಾಡುತ್ತಿದ್ದ ಹೆಂಗಸು ಅವಳೊಬ್ಬಳೇ.

ಎರಡನೆಯವಳು ಮಾತಾಡಿದ್ದು ಆ ಶನಿವಾರ.

"ಕಿಯಾ ಓರಾ, ಲೆಸ್ಟರ್! ಅಲ್ಲಾ, ನಿಮ್ಮ ಕಾರಿಗೆ ಟೋಬಾರ್ ಇದೆ ಅಂತ ಒಂದು ದಿನವಾದ್ರೂ ಹೇಳಿದ್ದೀರಾ?"

ಮಾವೊರಿ ನಮಸ್ಕಾರದ ಹಿಂದೆಯೇ ಬಂದ ಆ ಪ್ರಶ್ನೆಗೆ ಲೆಸ್ಟರ್ ಬೆಚ್ಚಿ ತಲೆ ಎತ್ತಿದ. ತಲೆ ಬಾನೆಟ್ಟಿಗೆ ಬಡಿಯಿತು. ಬೇಲಿಯ ಆಚೆ ನಿಂತಿದ್ದವಳು ಪಕ್ಕದ ಮನೆಯ ವೈಮಾರೀ ಟಿಪೆನೆ. ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು. ಒಂದಿಷ್ಟು ಕುರಿ ಸಾಕಿಕೊಂಡು, ಯಾರ ಹಂಗಿಲ್ಲದೆ, ಬಾಯಿ ತುಂಬ ನಗುತ್ತ ಬದುಕುತ್ತಿದ್ದ ಹೆಂಗಸು. ಆ ನಗುವಿನಲ್ಲಿದ್ದದ್ದು ಒಂದೂ ಬಿಡದೆ ಅವಳ ಸ್ವಂತ ಹಲ್ಲು. ಲೆಸ್ಟರ್ ಕಸುಬುದಾರನ ಕಣ್ಣಿನಿಂದ ಮೊದಲು ಮೆಚ್ಚಿದ್ದು ಹಲ್ಲನ್ನು. ಆಮೇಲೆ ಮೆಚ್ಚುಗೆ ಮೆಲ್ಲಗೆ ಹಲ್ಲಿನಿಂದ ಆಚೆಗೂ ಹಬ್ಬಿತ್ತು. ಬೇಲಿ ದಾಟಿ ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

"ಅದು... ಮೊದಲಿನಿಂದ ಇದೆ," ಎಂದ, ತಲೆ ಉಜ್ಜಿಕೊಳ್ಳುತ್ತ.

"ದೇವರು ಕಳಿಸಿದ ಹಾಗೆ ಕಾಣಿಸ್ತು ನೋಡಿ. ಇವತ್ತು ಷೋ ಅಲ್ವಾ? ನಮ್ಮ ಗವರ್ನರನ್ನ ಕರ್ಕೊಂಡು ಹೋಗ್ತೀನಿ ಅಂದಿದ್ದ ಅಣ್ಣನ ಮಗ ಸೊಂಟ ಹಿಡ್ಕೊಂಡು ಮಲಗಿದ್ದಾನೆ. ನನ್ನ ಪುಟ್ಟ ಕಾರಿಗೆ ಕೊಂಡಿ ಇಲ್ಲ, ಇದ್ದಿದ್ರೂ ಟ್ರೇಲರ್ ಅಂದ್ರೆ ನನಗೆ ಕೈಕಾಲು ನಡುಗುತ್ತೆ. ನಿಮಗೆ ಅಭ್ಯಾಸ ಇದೆ ತಾನೆ?"

ಷೋ ಎಂದರೆ ವರ್ಷಕ್ಕೊಮ್ಮೆ ನಡೆಯುವ ಕುರಿ ದನಗಳ ಪ್ರದರ್ಶನ. ಗವರ್ನರ್ ಎಂದರೆ ಅವಳ ಟಗರು.

ಇಲ್ಲ ಎನ್ನುವುದು ಎರಡೇ ಅಕ್ಷರ. ಲೆಸ್ಟರನ ನಾಲಿಗೆ ಅದನ್ನು ಹುಡುಕುವಷ್ಟರಲ್ಲಿ ವೈಮಾರೀ ನಕ್ಕಳು.

"ಅಭ್ಯಾಸನಾ?" ಎಂದ ಲೆಸ್ಟರ್. "ತೊಟ್ಟಿಲಲ್ಲಿ ಇದ್ದಾಗಿನಿಂದ ಎಳೀತಿದ್ದೀನಿ."

"ನನಗೆ ಗೊತ್ತಿತ್ತು! ನಾನು ತಿಂಡಿ ಡೇರೆ ನೋಡ್ಕೋಬೇಕು, ಗೆಳತಿ ಕಾರಲ್ಲಿ ಮುಂದೆ ಹೋಗಿರ್ತೀನಿ. ಬ್ಯಾಸಿಲ್ ಹತ್ರ ಟ್ರೇಲರ್ ಇದೆ. ಅವರೂ ನಿಮ್ಮ ಜೊತೆ ಬರ್ತಾರೆ."

ಬ್ಯಾಸಿಲ್ ಎದುರುಮನೆಯವನು. ಜೀವಮಾನವೆಲ್ಲ ಮರದ ದಿಮ್ಮಿ ತುಂಬಿದ ಲಾರಿ ಓಡಿಸಿ ನಿವೃತ್ತನಾದವನು. ಈಚೆಗೆ ಎಲ್ಲಿಗೆ ಹೋದರೂ ನಡೆದೇ ಹೋಗುತ್ತಿದ್ದ, ಕೇಳಿದರೆ ಆರೋಗ್ಯಕ್ಕೆ ಎನ್ನುತ್ತಿದ್ದ. ಸಲಹೆ ಕೊಡುವುದೆಂದರೆ ಅವನಿಗೆ ಊಟಕ್ಕಿಂತ ಹೆಚ್ಚು. ಕಂಬ ನೆಡುವವನಿಗೆ ಗುಂಡಿ ತೋರಿಸುತ್ತಿದ್ದ, ಮೀನು ಹಿಡಿಯುವವನಿಗೆ ನೀರು ತೋರಿಸುತ್ತಿದ್ದ.

"ಬಾ ಮಾರಾಯ, ಹಿಂದಕ್ಕೆ ಬಾ," ಎಂದು ಅಂಗಳದಲ್ಲಿ ನಿಂತು ಕೈ ಬೀಸಿದ. ಟ್ರೇಲರ್ ಅಲ್ಲೇ ಇತ್ತು, ಸುತ್ತ ಕಟಕಟೆ ಕಟ್ಟಿದ್ದು. "ಬಾ, ಬಾ, ಬಾ. ಹೆದರಬೇಡ. ಎಷ್ಟೊಂದು ಜಾಗ ಇದೆ. ಬಾ, ಇನ್ನೂ ಬಾ..."

ಢಣ್ ಎಂದಿತು. ವ್ಯಾಗನ್ನಿನ ಬೆನ್ನಿಗೆ ಬ್ಯಾಸಿಲನ ಟಪಾಲು ಪೆಟ್ಟಿಗೆ ಒರಗಿ ನಿಂತಿತ್ತು.

"ಅಷ್ಟು ಸಾಕು," ಎಂದ ಬ್ಯಾಸಿಲ್.

ಕೊನೆಗೆ ಕಾರು ಟ್ರೇಲರಿನ ಹತ್ತಿರ ಹೋಗಲಿಲ್ಲ, ಟ್ರೇಲರನ್ನೇ ಇಬ್ಬರೂ ಎತ್ತಿಕೊಂಡು ಕಾರಿನ ಹತ್ತಿರ ತಂದರು. ಲೆಸ್ಟರನ ಷೋ ಪ್ಯಾಂಟಿನ ಮೊಣಕಾಲ ಕೆಳಗೆ ಗ್ರೀಸಿನ ದುಂಡು ಮುದ್ರೆ ಬಿತ್ತು. ಇನ್ನು ಗವರ್ನರ್. ಅವನು ಮದುವೆಗೆ ಹೊರಟ ಬೀಗರ ಹಾಗೆ ನಿಂತಿದ್ದ, ಕರೆದರೆ ಬರುವುದಿಲ್ಲ, ಬಿಟ್ಟರೆ ಹೋಗುವುದಿಲ್ಲ. ಲೆಸ್ಟರ್ ಮುಂದಿನಿಂದ ಎಳೆದ, ಬ್ಯಾಸಿಲ್ ಹಿಂದಿನಿಂದ ತಳ್ಳಿದ. ಆಗ ವೈಮಾರೀ ಬಂದು ಒಂದು ಬಿಸ್ಕತ್ತು ತೋರಿಸಿದಳು. ಟಗರು ಲೆಸ್ಟರನ ಕಾಲ ಮೇಲೆ ಕಾಲಿಟ್ಟು ತಾನಾಗಿ ಹತ್ತಿಕೊಂಡಿತು.

"ಹನ್ನೊಂದಕ್ಕೆ ಟಗರುಗಳ ತೀರ್ಪು," ಎಂದಳು ವೈಮಾರೀ. "ನಿಮ್ಮನ್ನೇ ನಂಬಿದ್ದೀನಿ ಲೆಸ್ಟರ್."

ಆ ಒಂದು ಮಾತಿಗೆ ಲೆಸ್ಟರ್ ಗವರ್ನರನ್ನು ಹೆಗಲ ಮೇಲೆ ಹೊತ್ತು ಕೂಡ ಹೋಗುತ್ತಿದ್ದ.

ಕೀಲಿ ತಿರುಗಿಸಿದ. ಜಪಾನಿ ಹೆಂಗಸು ಏನೋ ಹೇಳಿದಳು.

"ಏನಂತಾಳೆ?" ಎಂದ ಬ್ಯಾಸಿಲ್.

"ಗೊತ್ತಿಲ್ಲ."

"ಎಡಗಡೆ ಟೈರಲ್ಲಿ ಗಾಳಿ ಕಮ್ಮಿ ಅಂತಿದ್ದಾಳೆ. ನಾನು ಜಪಾನಿ ಲಾರಿ ಓಡಿಸಿದೋನು, ನಂಗೆ ಗೊತ್ತಾಗುತ್ತೆ."

"ಇವತ್ತು ಬೆಳಿಗ್ಗೆ ಗಾಳಿ ನೋಡಿದ್ದೀನಿ."

"ಹಾಗಾದ್ರೆ ಬಲಗಡೆ."

ಊರು ದಾಟಿದ ಮೇಲೆ ಲೆಸ್ಟರನಿಗೆ ಧೈರ್ಯ ಬಂತು. ಮುಂದಕ್ಕೆ ಹೋಗುವುದರಲ್ಲಿ ಯಾವ ವಿದ್ಯೆಯೂ ಬೇಕಿರಲಿಲ್ಲ. ಟ್ರೇಲರ್ ಹೊಸ ಮದುಮಗಳಂತೆ ಹಿಂದೆಯೇ ಬರುತ್ತಿತ್ತು. ಎರಡೂ ಕಡೆ ಹಸಿರು ಗುಡ್ಡ, ಕನ್ನಡಿಯಲ್ಲಿ ಗವರ್ನರನ ಗಂಭೀರ ಮುಖ. ಅವನು ಶಿಳ್ಳೆ ಹಾಕಿದ.

"ವೈಮಾರೀ ಒಳ್ಳೇ ಹೆಂಗಸು ಕಣಯ್ಯ," ಎಂದ ಬ್ಯಾಸಿಲ್ ಇದ್ದಕ್ಕಿದ್ದಂತೆ.

ಲೆಸ್ಟರನ ಶಿಳ್ಳೆ ನಿಂತಿತು. "ಹೂಂ. ಒಳ್ಳೆಯವರು."

"ಅವಳ ಕೈ ಹಿಡಿಯೋನು ಪುಣ್ಯ ಮಾಡಿರಬೇಕು."

ಲೆಸ್ಟರನ ಕಿವಿ ಕೆಂಪಗಾಯಿತು. ಈ ಮುದುಕನಿಗೆ ನನ್ನ ಮನಸ್ಸು ಹೇಗೆ ಗೊತ್ತಾಯಿತು ಎಂದು ಬೆರಗಾದ. "ಅವರು... ಒಪ್ತಾರೆ ಅಂತೀಯಾ?"

"ಕೇಳಿದ್ರೆ ತಾನೆ ಒಪ್ಪೋದು? ಗಂಡಸಿಗೆ ಧೈರ್ಯ ಬೇಕು. ವಯಸ್ಸಿಗೂ ಅದಕ್ಕೂ ಸಂಬಂಧ ಇಲ್ಲ."

ಲೆಸ್ಟರ್ ಆ ಕ್ಷಣವೇ ತೀರ್ಮಾನ ಮಾಡಿದ. ಟಗರು ಗೆಲ್ಲಲಿ, ಸೋಲಲಿ, ಇವತ್ತು ಕೇಳಿಯೇ ಬಿಡುವುದು. ಬ್ಯಾಸಿಲ್ ಬಗ್ಗೆ ಇದುವರೆಗೆ ಕೆಟ್ಟದಾಗಿ ಯೋಚಿಸಿದ್ದಕ್ಕೆ ಮನಸ್ಸಿನಲ್ಲೇ ಕೆನ್ನೆ ಬಡಿದುಕೊಂಡ.

"ಇಲ್ಲಿ ಎಡಕ್ಕೆ ತಿರುಗಿಸು," ಎಂದ ಬ್ಯಾಸಿಲ್. "ಆ ಬಿಳೀ ಚರ್ಚ್ ಪಕ್ಕದಲ್ಲಿ. ಒಳದಾರಿ. ಅರ್ಧ ದೂರ ಉಳಿಯುತ್ತೆ."

ಲೆಸ್ಟರ್ ತಿರುಗಿಸಿದ. ಹತ್ತಿರ ಹೋದಾಗ ಅದು ಚರ್ಚಾಗಿರಲಿಲ್ಲ, ಸುಣ್ಣ ಬಳಿದ ಹಾಲು ಕರೆಯುವ ಕೊಟ್ಟಿಗೆಯಾಗಿತ್ತು. ದಾರಿಯೂ ದಾರಿಯಾಗಿರಲಿಲ್ಲ. ಎರಡೂ ಪಕ್ಕ ಮುಳ್ಳುಬೇಲಿ, ಮುಂದೆ ಮುಚ್ಚಿದ ಗೇಟು.

"ಪರವಾಗಿಲ್ಲ," ಎಂದ ಬ್ಯಾಸಿಲ್. "ರಿವರ್ಸ್ ತಗೊ."

ಲೆಸ್ಟರ್ ಕನ್ನಡಿ ಸರಿಮಾಡಿಕೊಂಡ. ಗೇರು ಹಿಂದಕ್ಕೆ ಹಾಕಿದ. ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೋಯಿತು. ಎಡಕ್ಕೆ ತಿರುಗಿಸಿದರೆ ಬಲಕ್ಕೆ. ಏನೂ ತಿರುಗಿಸದೆ ಸುಮ್ಮನಿದ್ದರೆ ತನಗೆ ತೋಚಿದ ಕಡೆಗೆ. ಮೂರನೆಯ ಪ್ರಯತ್ನದಲ್ಲಿ ಟ್ರೇಲರ್ ಕಾರಿನ ಪಕ್ಕೆಗೇ ಬಂದು, ಗವರ್ನರ್ ಕಿಟಕಿಯ ಹತ್ತಿರ ಮೂತಿ ತಂದು ಲೆಸ್ಟರನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ತೊಟ್ಟಿಲಲ್ಲಿ ಇದ್ದಾಗಿನಿಂದ ಅಂದ್ಯಂತೆ?" ಎಂದ ಬ್ಯಾಸಿಲ್.

"ಟಗರಿನ ಭಾರ ಜಾಸ್ತಿ. ಅದಕ್ಕೆ ಹೀಗೆ."

"ತಾಳು, ನಾನು ಇಳಿದು ಹೇಳ್ತೀನಿ." ಇಳಿದ. ಹಿಂದೆ ಹೋಗಿ ನಿಂತ. "ಬಾ, ಬಾ, ಬಾ! ಜಾಗ ಬೇಕಾದಷ್ಟಿದೆ!" ಮುಳ್ಳುಬೇಲಿ ಚರಚರ ಎಂದಿತು. ಹಿಂದಿನ ದೀಪದ ಗಾಜು ನೆಲಕ್ಕೆ ಬಿತ್ತು. ಲೆಸ್ಟರ್ ವಾರಕ್ಕೊಮ್ಮೆ ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಿದ್ದ ಗಾಜು.

ಹಿಂದಕ್ಕೆ ಹೋಗಲಾಗದವನಿಗೆ ಉಳಿದ ದಾರಿ ಒಂದೇ. ಲೆಸ್ಟರ್ ಹೋಗಿ ಗೇಟು ತೆಗೆದ. ಯಾರದೋ ಹುಲ್ಲುಗಾವಲಿನ ನಡುವೆ ವ್ಯಾಗನ್ ಹೊರಟಿತು. ಮೇವು ತಂದವರು ಎಂದು ತಿಳಿದು ಹಸುಗಳೆಲ್ಲ ಹಿಂದೆ ಓಡಿಬಂದವು. ಕಾರು, ಟ್ರೇಲರ್, ಟಗರು, ಅದರ ಹಿಂದೆ ಒಂದು ಮಂದೆ. ದೂರದಲ್ಲಿ ಹೊಲದ ಯಜಮಾನ ಟೋಪಿ ತೆಗೆದು ಬೀಸುತ್ತ ಏನೋ ಕೂಗುತ್ತಿದ್ದ.

"ಒಳ್ಳೇ ಮನುಷ್ಯ, ಕೈ ಬೀಸ್ತಿದ್ದಾನೆ," ಎಂದು ಬ್ಯಾಸಿಲ್ ತಾನೂ ಕೈ ಬೀಸಿದ.

ಆ ಹೊಲದ ಆಚೆ ಗೇಟು ಷೋ ಮೈದಾನದ ಹಿಂಬಾಗಿಲಿಗೇ ತೆರೆದುಕೊಂಡಿತು. ಲೆಸ್ಟರನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಒಳಗೆ ಟ್ರೇಲರ್ ಕಟ್ಟಿದ ಗಾಡಿಗಳ ಒಂದು ಸಾಲು ನಿಧಾನವಾಗಿ ಸರಿಯುತ್ತಿತ್ತು.

"ಇದೇ ಕುರಿಗಳ ಸಾಲು," ಎಂದ ಬ್ಯಾಸಿಲ್, ಕಣ್ಣು ಕಿರಿದು ಮಾಡಿ. "ಬೋರ್ಡ್ ನೋಡು, ಬರೆದಿದೆ."

ಬೋರ್ಡು ಲೆಸ್ಟರನ ಕಡೆಯಿಂದ ಕಾಣುತ್ತಿರಲಿಲ್ಲ. ಅವನು ಸಾಲಿಗೆ ಸೇರಿಕೊಂಡ. ಹಿಂದೆ ಇನ್ನೆರಡು ಗಾಡಿ ಬಂದು ನಿಂತವು. ಸಾಲು ಹಗ್ಗ ಕಟ್ಟಿದ ಅಂಗಳದೊಳಗೆ ಹೊಕ್ಕಿತು. ಸುತ್ತ ಮೆಟ್ಟಿಲುಗಳ ಮೇಲೆ ಊರಿಗೆ ಊರೇ ಕೂತಿತ್ತು. ನಡುವೆ ಕೆಂಪು ಬಣ್ಣದ ಡ್ರಮ್ಮುಗಳನ್ನು ಎರಡು ಸಾಲಾಗಿ ಇಟ್ಟಿದ್ದರು.

ಧ್ವನಿವರ್ಧಕ ಗೊರಗೊರ ಎಂದು ಗಂಟಲು ಸರಿಮಾಡಿಕೊಂಡಿತು. "ಟ್ರೇಲರ್ ರಿವರ್ಸ್ ಪಂದ್ಯದ ಮುಂದಿನ ಸ್ಪರ್ಧಿ... ಅರೆ! ನಮ್ಮ ಹಲ್ಲಿನ ಲೆಸ್ಟರ್! ಜೋರಾಗಿ ಚಪ್ಪಾಳೆ!" ಕೂಗಿದವಳು ಪಂದ್ಯ ನಡೆಸುತ್ತಿದ್ದ ಡೋರೀನ್. "ನೋಡಿ, ಉಳಿದವರು ಖಾಲಿ ಟ್ರೇಲರ್ ತಂದಿದ್ದಾರೆ. ಈತ ಟಗರು ತುಂಬ್ಕೊಂಡು ಬಂದಿದ್ದಾನೆ! ಇದಪ್ಪಾ ಗಂಡಸ್ತನ!"

ಲೆಸ್ಟರ್ ಕಿಟಕಿಯಿಂದ ಕೈ ಆಡಿಸಿ ಇಲ್ಲ ಇಲ್ಲ ಎಂದ. ಜನ ಅದನ್ನು ನಮಸ್ಕಾರ ಎಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಮುಂದೆ ಹಗ್ಗ, ಬಂದ ದಾರಿಗೆ ಅಡ್ಡ ಉಳಿದ ಗಾಡಿಗಳು, ಬೆನ್ನಿಗೆ ಡ್ರಮ್ಮುಗಳು. ಬ್ಯಾಸಿಲ್ ಆಗಲೇ ಇಳಿದು ಡ್ರಮ್ಮುಗಳ ಕೊನೆಯಲ್ಲಿ ಹೋಗಿ ನಿಂತಾಗಿತ್ತು.

"ಬಾ ಮಾರಾಯ! ನೇರ ಬಾ!"

ಮೊದಲನೆಯ ಡ್ರಮ್ಮು ಢಮಾರ್ ಎಂದಾಗ ಜನ ಅಯ್ಯೋ ಎಂದರು. ಮೂರನೆಯದು ಬಿದ್ದಾಗ ನಗಲು ಶುರು ಮಾಡಿದರು. ಲೆಸ್ಟರ್ ಬೆವರಿನಲ್ಲಿ ತೊಯ್ದು, ಕುತ್ತಿಗೆ ಹಿಂದಕ್ಕೆ ತಿರುಗಿಸಿ ನೋಡಿದ. ಮೆಟ್ಟಿಲುಗಳ ಮೇಲೆ ಸಾಲು ಸಾಲಾಗಿ ತೆರೆದ ಬಾಯಿಗಳು. ಒಂದೊಂದರಲ್ಲೂ ಅವನು ರಾತ್ರಿ ಹಗಲು ಕೂತು ಉಜ್ಜಿ ಹೊಳಪು ಕೊಟ್ಟ ಹಲ್ಲುಗಳು. ಅವನ ಕೈಕೆಲಸವೆಲ್ಲ ಒಟ್ಟಾಗಿ ಅವನನ್ನೇ ನೋಡಿ ನಗುತ್ತಿತ್ತು.

"ಬಲಕ್ಕೆ! ಅಲ್ಲ, ನಿನ್ನ ಬಲ! ಬಾ, ಬಾ, ಜಾಗ ಇದೆ!" ಬ್ಯಾಸಿಲ್ ಕೂಗುತ್ತಲೇ ಇದ್ದ.

ಲೆಸ್ಟರ್ ಕಣ್ಣು ಮುಚ್ಚಿ ಕಾಲು ಒತ್ತಿದ. ಟ್ರೇಲರ್ ಉಳಿದ ಡ್ರಮ್ಮುಗಳ ನಡುವೆ ಎಲ್ಲೂ ತಾಗದೆ, ಬಾಣದಂತೆ ನೇರವಾಗಿ ಹಿಂದಕ್ಕೆ ಹೋಯಿತು. ಜನ ಎದ್ದು ನಿಂತರು. ಅಲ್ಲಿಗೆ ನಿಲ್ಲಿಸಿದ್ದರೆ ಚರಿತ್ರೆಯಾಗುತ್ತಿತ್ತು. ಕಣ್ಣು ಮುಚ್ಚಿದ್ದವನಿಗೆ ಅದು ಗೊತ್ತಾಗಬೇಕಲ್ಲ. ಟ್ರೇಲರ್ ಹಗ್ಗ ದಾಟಿತು, ಹುಲ್ಲು ದಾಟಿತು, ತಿಂಡಿ ಡೇರೆಯ ಗೂಟಕ್ಕೆ ಗುದ್ದಿತು. ಡೇರೆ ಒಂದು ನಿಟ್ಟುಸಿರು ಬಿಟ್ಟು, ಮುದುಕಿ ಕುಕ್ಕರಗಾಲಲ್ಲಿ ಕೂತ ಹಾಗೆ ಮೆಲ್ಲಗೆ ನೆಲಕ್ಕೆ ಕೂತಿತು. ಒಳಗಿನಿಂದ ಹೆಂಗಸರ ಕಿರುಚಾಟ ಕೇಳಿತು, ತಟ್ಟೆಗಳ ಸದ್ದು ಕೇಳಿತು. ಟ್ರೇಲರಿನ ಹಿಂಬಾಗಿಲು ಕಳಚಿ ಬಿದ್ದಿತ್ತು. ಗವರ್ನರ್ ಯಾವ ಬಿಸ್ಕತ್ತೂ ಇಲ್ಲದೆ ಗೌರವದಿಂದ ಇಳಿದು, ಬಟ್ಟೆಯ ಅಂಚು ಎತ್ತಿ ಒಳಗೆ ನುಗ್ಗಿದ.

ಲೆಸ್ಟರ್ ಓಡಿಬಂದು ಬಟ್ಟೆ ಎತ್ತಿದಾಗ ಮೊದಲು ಕಂಡದ್ದು ಬಹುಮಾನಕ್ಕೆ ಇಟ್ಟಿದ್ದ ಪಾವ್ಲೋವಾ ಎಂಬ ಕ್ರೀಮಿನ ಕೇಕಿನಲ್ಲಿ ಕಣ್ಣಿನ ತನಕ ಮುಖ ಹುದುಗಿಸಿದ್ದ ಗವರ್ನರ್. ಆಮೇಲೆ ಕಂಡದ್ದು ವೈಮಾರೀ. ಕೂದಲಲ್ಲಿ ಕ್ರೀಮು, ಕಿವಿಯ ಮೇಲೆ ಒಂದು ಸ್ಟ್ರಾಬೆರಿ. ಅವಳು ಬಯ್ಯುತ್ತಾಳೆ ಎಂದು ಅವನು ತಲೆ ಬಗ್ಗಿಸಿ ನಿಂತ.

ವೈಮಾರೀ ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಹುಲ್ಲಿನ ಮೇಲೆ ಕೂತು, ಕಣ್ಣೀರು ಸುರಿಸಿಕೊಂಡು ನಗುತ್ತಿದ್ದಳು.

"ಸರಿಯಾದ ಟೈಮಿಗೆ ತಂದ್ರಿ, ಲೆಸ್ಟರ್," ಎಂದಳು ಉಸಿರು ಸಿಕ್ಕ ಮೇಲೆ. "ಹನ್ನೊಂದಕ್ಕೆ ಇನ್ನೂ ಐದು ನಿಮಿಷ ಇದೆ."

ಗವರ್ನರನಿಗೆ ಎರಡನೆಯ ಬಹುಮಾನ ಬಂತು. ಮೂತಿಗೆ ಕ್ರೀಮು ಮೆತ್ತಿರದಿದ್ದರೆ ಮೊದಲನೆಯದೇ ಬರುತ್ತಿತ್ತು ಎಂದರು ತೀರ್ಪುಗಾರರು. ಲೆಸ್ಟರ್ ಮಧ್ಯಾಹ್ನವೆಲ್ಲ ಡೇರೆಯ ಗೂಟ ಹೊಡೆದ, ತಟ್ಟೆ ತೊಳೆದ, ಹೋಗಿ ಬರುವವರೆಲ್ಲ ಬೆನ್ನು ತಟ್ಟಿ "ಬಾ, ಬಾ, ಜಾಗ ಇದೆ" ಎಂದದ್ದನ್ನು ಕೇಳಿಸಿಕೊಂಡ.

ಬಿಸಿಲು ಇಳಿಯುವ ಹೊತ್ತಿಗೆ ವೈಮಾರೀ ಎರಡು ಲೋಟ ಚಹಾ ಹಿಡಿದು ವ್ಯಾಗನ್ನಿನ ಹತ್ತಿರ ಬಂದಳು. ಲೆಸ್ಟರ್ ಒಡೆದ ದೀಪಕ್ಕೆ ಕೆಂಪು ಟೇಪು ಸುತ್ತುತ್ತಿದ್ದ.

"ನಾನು ಸುಳ್ಳು ಹೇಳಿದೆ," ಎಂದ ತಲೆ ಎತ್ತದೆ. "ನನಗೆ ಟ್ರೇಲರ್ ಹಿಂದಕ್ಕೆ ತೆಗೆಯೋಕೆ ಬರಲ್ಲ."

"ಇಡೀ ಜಿಲ್ಲೆಗೆ ಗೊತ್ತಾಗಿದೆ," ಎಂದಳು ಅವಳು. ಆದರೆ ದನಿ ಮೆತ್ತಗಿತ್ತು. "ಬರಲ್ಲ ಅಂತ ಗೊತ್ತಿದ್ರೂ ನನಗೋಸ್ಕರ ಬಂದ್ರಲ್ಲ. ಇವತ್ತಿನ ಕಾಲದಲ್ಲಿ ಯಾರು ಬರ್ತಾರೆ? ನೀವು ಬಹಳ ಒಳ್ಳೆಯವರು, ಲೆಸ್ಟರ್."

ಲೆಸ್ಟರನಿಗೆ ಬ್ಯಾಸಿಲನ ಮಾತು ನೆನಪಾಯಿತು. ಗಂಡಸಿಗೆ ಧೈರ್ಯ ಬೇಕು. ಟೇಪು ಕೆಳಗಿಟ್ಟ, ಕೈ ಒರೆಸಿಕೊಂಡ. "ವೈಮಾರೀ, ನಾನು ನಿಮ್ಮ ಹತ್ರ ಒಂದು ಮಾತು..."

"ನಾನೂ ಬೆಳಿಗ್ಗೆಯಿಂದ ಒಂದು ಮಾತು ಹೇಳ್ಬೇಕು ಅಂತಿದ್ದೀನಿ. ನಾನು ಮೊದಲು ಹೇಳಿಬಿಡ್ಲಾ? ಇಲ್ದಿದ್ರೆ ನಾಚಿಕೆ ಆಗಿಬಿಡುತ್ತೆ."

"ಹೇಳಿ," ಎಂದ ಲೆಸ್ಟರ್.

"ನಾನು ಮತ್ತೆ ಮದುವೆ ಆಗ್ಬೇಕು ಅಂತಿದ್ದೀನಿ."

"ಹಾಂ."

"ಈ ವಯಸ್ಸಲ್ಲಿ ಜನ ನಗ್ತಾರಾ?"

"ನಗಲಿ ಬಿಡಿ!" ಎಂದ ಲೆಸ್ಟರ್, ಆವೇಶದಿಂದ. "ವಯಸ್ಸಿಗೂ ಅದಕ್ಕೂ ಏನು ಸಂಬಂಧ?"

"ಬ್ಯಾಸಿಲೂ ಇದೇ ಮಾತು ಅಂದ್ರು!" ಎಂದು ಅವಳು ಖುಷಿಯಿಂದ ತಿರುಗಿ ಕೈ ಬೀಸಿದಳು. "ಬ್ಯಾಸಿಲ್! ಇಲ್ಲಿ ಬನ್ನಿ, ಲೆಸ್ಟರ್‌ಗೆ ಹೇಳ್ದೆ! ಎಷ್ಟು ಸಂತೋಷಪಟ್ರು ಗೊತ್ತಾ!"

ಬ್ಯಾಸಿಲ್ ಬಂದ. ಬರುವಾಗ ದಾರಿಯಲ್ಲಿದ್ದ ಕಸದ ಡಬ್ಬಿಗೆ ಮೊಣಕಾಲು ಹೊಡೆದುಕೊಂಡು ಅದಕ್ಕೆ ಕ್ಷಮಿಸಿ ಎಂದ. ವೈಮಾರೀ ಅವನ ತೋಳು ಹಿಡಿದು ಸರಿಯಾದ ಕಡೆಗೆ ತಿರುಗಿಸಿ ನಿಲ್ಲಿಸಿದಳು.

"ಪಾಪ, ಇವರ ಕಣ್ಣು ಪೂರ್ತಿ ಮಂಜು," ಎಂದಳು. "ಡಾಕ್ಟರು ಲೈಸೆನ್ಸೇ ವಾಪಸ್ ತಗೊಂಡಿದ್ದಾರೆ. ಊರಿಗೆ ಗೊತ್ತಾದ್ರೆ ಮರ್ಯಾದೆ ಹೋಗುತ್ತೆ ಅಂತ ಯಾರಿಗೂ ಹೇಳಿಲ್ಲ. ನೀವು ಮನೆಯವರ ಹಾಗೆ, ನಿಮಗೆ ಹೇಳಬಹುದು."

ಲೆಸ್ಟರ್ ಬ್ಯಾಸಿಲನ ಕಡೆ ನೋಡಿದ. ಬ್ಯಾಸಿಲ್ ಲೆಸ್ಟರ್ ಇದ್ದಾನೆ ಎಂದು ತಾನು ನಂಬಿದ ಕಡೆ ನೋಡಿ ನಕ್ಕ.

"ಈಗ ಮುಖ್ಯ ವಿಷಯ," ಎಂದಳು ವೈಮಾರೀ. "ಮದುವೆ ಆದ್ಮೇಲೆ ದಕ್ಷಿಣದ್ವೀಪವೆಲ್ಲ ಸುತ್ತಿ ಬರೋಣ ಅಂತ. ಇವರದೊಂದು ಕ್ಯಾರವಾನ್ ಇದೆ. ಎಳೆಯೋಕೆ ಕಾರಿಲ್ಲ, ಓಡಿಸೋರೂ ಇಲ್ಲ. ಒಂದು ತಿಂಗಳು ನೀವು ಬಿಡುವು ಮಾಡ್ಕೊಂಡ್ರೆ..."

"ನಿಮ್ಮ ಹನಿಮೂನಿಗೆ?" ಎಂದ ಲೆಸ್ಟರ್.

"ಮಲಗೋ ಚಿಂತೆ ಬೇಡ," ಎಂದ ಬ್ಯಾಸಿಲ್. "ನಾವು ಕ್ಯಾರವಾನಲ್ಲಿ. ನೀನು ಕಾರಲ್ಲಿ. ಹಿಂದಿನ ಸೀಟು ಮಡಿಸಿದ್ರೆ ಹಾಸಿಗೆ ಆಗುತ್ತೆ, ಬೆಳಿಗ್ಗೆ ಕೈಯಿಂದ ಅಳೆದು ನೋಡಿದ್ದೀನಿ. ಕಾಲು ಮಾತ್ರ ಸ್ವಲ್ಪ ಮಡಿಸ್ಕೋಬೇಕು."

"ಅಂದಹಾಗೆ ನೀವೇನೋ ಹೇಳ್ಬೇಕು ಅಂತಿದ್ರಲ್ಲ?" ಎಂದಳು ವೈಮಾರೀ.

ಲೆಸ್ಟರ್ ಅವಳ ಮುಖ ನೋಡಿದ. ಕಿವಿಯ ಹಿಂದೆ ಇನ್ನೂ ಚೂರು ಕ್ರೀಮಿತ್ತು. ಒಂದೂ ಬಿಡದೆ ಎಲ್ಲ ಹಲ್ಲೂ ಹೊಳೆಯುತ್ತಿದ್ದವು.

"ಏನಿಲ್ಲ," ಎಂದ. "ಅಷ್ಟು ದೂರ ಅಂದ್ರೆ ಆಯಿಲ್ ಬದಲಾಯಿಸ್ಕೊಂಡು ಹೊರಡಬೇಕು."

ಗವರ್ನರ್ ಹಿಂದಿನ ಟ್ರೇಲರ್ ಹತ್ತಿದ, ಕಳಚಿದ್ದ ಬಾಗಿಲನ್ನು ಹಗ್ಗದಿಂದ ಬಿಗಿದಾಯಿತು. ಲೆಸ್ಟರ್ ಕಾರಿನ ಎಡಬದಿಯ ಮುಂದಿನ ಬಾಗಿಲು ತೆರೆದು ಹಿಡಿದ. ಅದನ್ನು ಯಾರೂ ನೋಡಲಿಲ್ಲ. ವೈಮಾರೀ ಬ್ಯಾಸಿಲನ ತಲೆ ಬಡಿಯದ ಹಾಗೆ ಕೈ ಅಡ್ಡ ಹಿಡಿದು ಹಿಂದಿನ ಸೀಟಿನಲ್ಲಿ ಕೂರಿಸಿ, ತಾನೂ ಪಕ್ಕದಲ್ಲಿ ಕೂತು ಅವನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಲೆಸ್ಟರ್ ಬಾಗಿಲು ಮುಚ್ಚಿ, ಸುತ್ತಿ ಬಂದು, ಬಾಡಿಗೆ ಕಾರಿನವನ ಹಾಗೆ ಒಬ್ಬನೇ ಮುಂದೆ ಕೂತ.

ಮೈದಾನದ ಗೇಟು ದಾಟಿ ರಸ್ತೆಗೆ ಬಂದ ಮೇಲೆ, ಯಾಕೋ ಅವನಿಗೆ ಗೊತ್ತಿಲ್ಲದೆ ಕಾಲು ಭಾರವಾಗಿ ಕಾರಿಗೆ ವೇಗ ಬಂತು.

"ಸ್ವಲ್ಪ ನಿಧಾನ, ಲೆಸ್ಟರ್," ಎಂದಳು ವೈಮಾರೀ ಪ್ರೀತಿಯಿಂದ. "ಹಿಂದೆ ನಾವು ಮೂರು ಜನ ಇದ್ದೀವಿ."